ಬಟ್ಟೆಯಲ್ಲಿ ಸೋಸಿದ ಪುಡಿ

ಇಮ್ತಿಯಾಜ್, ನಿನ್ನ ಮುಂದಿನ ಹಲ್ಲುಗಳನ್ನು ಕೆಡಿಸಿದವನು ನಾನು. ಹಲ್ಲಿನ ಡಾಕ್ಟರು ಶೈಲಜಾ ಮೇಡಂ ಅಲ್ಲ, ಅವರ ಕೈ ಅಲ್ಲ, ನಿನ್ನ ನಾನಿಯ ಊರಿನ ಬೋರ್‌ವೆಲ್ ನೀರೂ ಅಲ್ಲ — ನಾನು. ಒಂಬತ್ತು ವರ್ಷದ ಹಿಂದೆ ಅವತ್ತು ಅವರ ಯಂತ್ರದೊಳಗೆ ಇದ್ದದ್ದು ಹಲ್ಲಿಗೆ ಹೊಡೆಯುವ ಪುಡಿಯೇ ಅಲ್ಲ. ನನ್ನ ಲ್ಯಾಬಿನಲ್ಲಿ ಲೋಹದ ಎರಕ ಸ್ವಚ್ಛ ಮಾಡಲು ಇಟ್ಟುಕೊಂಡಿದ್ದ ಪುಡಿ. ಅದನ್ನು ಅವರ ಖಾಲಿ ಬಾಟಲಿಗೆ ತುಂಬಿಸಿ, ಬೆಂಗಳೂರಿಂದ ಬಂತು ಎಂದು ಸುಳ್ಳು ಹೇಳಿ ಕೊಟ್ಟವನು ನಾನು. ನಿನ್ನೆಯವರೆಗೆ ಇದು ನನ್ನೊಬ್ಬನಿಗೇ ಗೊತ್ತಿತ್ತು.

ಇವತ್ತು ಭಾನುವಾರ. ನಾಳೆ ಬೆಳಿಗ್ಗೆ ದಾವಣಗೆರೆಯ ಆ ಡಾಕ್ಟರ ಕುರ್ಚಿಯಲ್ಲಿ ನೀನು ಬಾಯಿ ತೆರೆದು ಮಲಗುತ್ತೀಯ. ಅವರು ನಿನ್ನ ಮೇಲಿನ ನಾಲ್ಕು ಹಲ್ಲುಗಳನ್ನು ಸುತ್ತಲೂ ಅರೆದು ಸಣ್ಣ ಗೂಟಗಳಂತೆ ಮಾಡಿ, ಮೇಲೆ ಕ್ಯಾಪ್ ಕೂರಿಸುತ್ತಾರೆ. ಒಮ್ಮೆ ಅರೆದ ಹಲ್ಲು ಮತ್ತೆ ಹಲ್ಲಾಗುವುದಿಲ್ಲ. ಅಷ್ಟು ಅರೆಯುವ ಅಗತ್ಯವೇ ಇಲ್ಲದಿರಬಹುದು — ಯಾಕೆಂದು ಮುಂದೆ ಹೇಳುತ್ತೇನೆ. ಹೇಳದೆ ಈ ಭಾನುವಾರವನ್ನೂ ಕಳೆದುಬಿಟ್ಟರೆ ನಿನಗೆ ನಾನು ಮಾಡುವ ಎರಡನೆಯ ಅನ್ಯಾಯ ಅದಾಗುತ್ತದೆ. ಅದನ್ನು ಮಾತ್ರ ಮರೆವು, ಆತುರ, ಗೊತ್ತಾಗಲಿಲ್ಲ ಎಂದೆಲ್ಲ ಹೇಳಿ ತಪ್ಪಿಸಿಕೊಳ್ಳಲು ಬರುವುದಿಲ್ಲ.

ನೀನು ನನ್ನನ್ನು ಹಲ್ಲು ಮಾಡುವ ಹಾಲೇಶಣ್ಣ ಎಂದು ಬಲ್ಲೆ. ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾನು ಅದಕ್ಕೆ ಪ್ಲಾಸ್ಟರ್ ಹುಯ್ದು, ಮೇಣದಲ್ಲಿ ಹಲ್ಲಿನ ಆಕಾರ ತಿದ್ದಿ, ಲೋಹ ಎರಕ ಹುಯ್ದು ಕ್ಯಾಪ್ ಮಾಡುತ್ತೇನೆ. ಯಾರ ಬಾಯಿಯನ್ನೂ ನೇರವಾಗಿ ಮುಟ್ಟುವವನಲ್ಲ. ದಾವಣಗೆರೆಯಲ್ಲಿ ಎರಡು ಕೋಣೆಯ ಲ್ಯಾಬು, ವಾರಕ್ಕೆರಡು ಸಲ ಕ್ಯಾಪಿನ ಡಬ್ಬಿಗಳನ್ನು ಕೈಚೀಲಕ್ಕೆ ಹಾಕಿಕೊಂಡು ಹರಿಹರದ ಬಸ್ಸು ಹತ್ತುವುದು — ಇಷ್ಟೇ ನನ್ನ ಪ್ರಪಂಚ. ಈ ಪ್ರಪಂಚದಲ್ಲಿ ನನಗೊಂದು ಹೆಸರಿತ್ತು. ಹಾಲೇಶಣ್ಣನ ಬಾಯಲ್ಲಿ ಇಲ್ಲ ಅನ್ನುವ ಮಾತೇ ಬರುವುದಿಲ್ಲ ಎಂದು ಡಾಕ್ಟರುಗಳು ಒಬ್ಬರಿಗೊಬ್ಬರು ಹೇಳುತ್ತಿದ್ದರು. ನಾಳೆಗೆ ಬೇಕು ಅಂದರೆ ನಾಳೆಗೆ, ಬಣ್ಣ ಬದಲಿಸಿ ಅಂದರೆ ಬದಲಿಸಿ. ಆ ಹೆಸರು ಕೇಳಿ ನಾನು ಉಬ್ಬುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಈಗಲೂ ಕೇಳಿದರೆ ಸ್ವಲ್ಪ ಉಬ್ಬುತ್ತೇನೆ.

ಶೈಲಜಾ ಮೇಡಂ ಹರಿಹರದಲ್ಲಿ ಕ್ಲಿನಿಕ್ ತೆರೆದು ಆಗಿನ್ನೂ ಕೆಲವೇ ವರ್ಷ. ಡ್ರಿಲ್ಲಿನ ಸದ್ದಿಗೇ ಜನ ಕುರ್ಚಿಯಿಂದ ಎದ್ದು ಓಡುತ್ತಾರೆ ಎಂದು ಗಾಳಿಯ ಯಂತ್ರವೊಂದನ್ನು ತರಿಸಿದ್ದರು. ನೋಡಲು ಪೆನ್ನಿನಂತಿರುತ್ತಿತ್ತು. ಅದರ ಸಣ್ಣ ಮೂತಿಯಿಂದ ಗಾಳಿಯ ಜೊತೆ ತೀರಾ ನುಣ್ಣನೆಯ ಬಿಳಿ ಪುಡಿ ಹೊಮ್ಮಿ, ಹುಳುಕು ಹಿಡಿದ ಕಡೆ ಹಲ್ಲನ್ನು ಚೂರುಚೂರೇ ತೆಗೆಯುತ್ತದೆ. ಸೂಜಿ ಬೇಡ, ಗಿರ್ರ್ ಅನ್ನುವುದಿಲ್ಲ, ತಲೆ ನಡುಗುವುದಿಲ್ಲ. ಆದರೆ ಆ ಪುಡಿಗೆ ಹುಳುಕು ಯಾವುದು, ಒಳ್ಳೆಯ ಹಲ್ಲು ಯಾವುದು ಎಂಬ ಭೇದವಿಲ್ಲ. ಹಲ್ಲಿನ ಮೇಲಿನ ಗಟ್ಟಿ ಪದರ, ಎನಾಮಲ್ ಅನ್ನುತ್ತೇವಲ್ಲ, ಅದನ್ನೂ ಕೊರೆಯುತ್ತದೆ. ಹಾಗಾಗಿ ಎಲ್ಲವೂ ಅಳತೆಯ ಮೇಲೆ ನಿಂತಿದೆ. ಪುಡಿಯ ಕಾಳು ಎಷ್ಟು ಸಣ್ಣದು, ಗಾಳಿಯ ಒತ್ತಡ ಎಷ್ಟು, ಮೂತಿ ಹಲ್ಲಿನಿಂದ ಎಷ್ಟು ದೂರ, ಎಷ್ಟು ಹೊತ್ತು. ಈ ಅಳತೆಗಳನ್ನು ಮೇಡಂ ಕಿತ್ತು ಬಂದ ಹಳೆಯ ಹಲ್ಲುಗಳ ಮೇಲೆ ಹೊಡೆದು ಹೊಡೆದು ಕಲಿತಿದ್ದರು. ನಾನೇ ನೋಡಿದ್ದೇನೆ. ಅಷ್ಟು ಜಾಗ್ರತೆಯ ಹೆಂಗಸು ಅವರು — ಇದನ್ನು ನೀನು ತಿಳಿದಿರಬೇಕು, ನಿಮ್ಮಪ್ಪನೂ ತಿಳಿದಿರಬೇಕು.

ಪುಡಿ ಬೆಂಗಳೂರಿನಿಂದ ಬರಬೇಕಿತ್ತು. ನನ್ನ ಸಾಮಾನೂ ಅಲ್ಲಿಂದಲೇ ಬರುತ್ತಿದ್ದುದರಿಂದ ಅವರದನ್ನೂ ನಾನೇ ಸೇರಿಸಿ ತರಿಸುತ್ತಿದ್ದೆ. ಮುಗಿಯುತ್ತಾ ಬಂದಿದೆ, ಬೆಂಗಳೂರಿಗೆ ಹೇಳಿಬಿಡಿ ಹಾಲೇಶಣ್ಣ ಎಂದು ಫೋನಿನಲ್ಲಿ ಅಂದಿದ್ದರು. ಆಯ್ತು ಮೇಡಂ ಅಂದೆ. ಮರೆತೆ. ಅದಕ್ಕೆ ಒಂದು ದೊಡ್ಡ ಕಾರಣವಾದರೂ ಇದ್ದಿದ್ದರೆ ಹೇಳಬಹುದಿತ್ತು — ಮನೆಯಲ್ಲಿ ಯಾರಿಗೋ ಹುಷಾರಿರಲಿಲ್ಲ, ಹಾಗೇನಾದರೂ. ಏನೂ ಇರಲಿಲ್ಲ. ಸುಮ್ಮನೆ ಮರೆತೆ.

ಆಮೇಲೊಂದು ಬೆಳಿಗ್ಗೆ ಅವರ ಫೋನು. "ಹಾಲೇಶಣ್ಣ, ಪುಡಿ ಬಂತೇನ್ರಿ? ಇವತ್ತು ಬ್ಯಾಂಡಿನ ಹುಡುಗ ಬರ್ತಾನೆ. ಲಗ್ನದ ಸೀಜನ್ ಶುರುವಾಗೋದ್ರೊಳಗ ಮುಗಿಸಿಕೊಡ್ರಿ ಅಂತ ಗಂಟುಬಿದ್ದಾನೆ."

ಬಂದಿಲ್ಲ ಮೇಡಂ, ನಾನು ಹೇಳೋದೇ ಮರೆತೆ ಅನ್ನಬಹುದಿತ್ತು. ಎಷ್ಟು ಸಣ್ಣ ಮಾತು ನೋಡು. ಅವರು ಒಂದು ಮಾತು ಬಯ್ದಿದ್ದರೆ ಬಯ್ಯುತ್ತಿದ್ದರು, ನಿನ್ನನ್ನು ಮುಂದಿನ ವಾರ ಬಾ ಎನ್ನುತ್ತಿದ್ದರು. ನೀನು ಮುಖ ಸಪ್ಪಗೆ ಮಾಡಿಕೊಂಡು ಹೋಗುತ್ತಿದ್ದೆ. ಅಷ್ಟಕ್ಕೇ ಎಲ್ಲ ಮುಗಿಯುತ್ತಿತ್ತು. ನನ್ನ ಬಾಯಿಂದ ಬಂದದ್ದು ಬೇರೆ. "ಬಂದೈತೆ ಮೇಡಂ, ತರ್ತಾ ಇದೀನಿ" ಅಂದೆ.

ಫೋನ್ ಇಟ್ಟ ಮೇಲೆ ಲ್ಯಾಬಿನಲ್ಲಿ ಸುತ್ತ ನೋಡಿದೆ. ಎರಕದ ಮೇಲಿನ ಕಪ್ಪು ತೆಗೆಯಲು ನಾವೂ ಗಾಳಿಯಲ್ಲೇ ಪುಡಿ ಹೊಡೆಯುತ್ತೇವೆ, ಗಾಜಿನ ಪೆಟ್ಟಿಗೆಯೊಳಗೆ ಕೈ ಇಳಿಬಿಟ್ಟು. ಹೆಸರು ಕೇಳಿದರೆ ಅದೂ ಅಲ್ಯುಮಿನಾ, ಇದೂ ಅಲ್ಯುಮಿನಾ. ಎರಡೂ ಬಿಳಿ. ನಮ್ಮದರ ಕಾಳು ಮಾತ್ರ ಅವರದಕ್ಕಿಂತ ನಾಲ್ಕು ಪಟ್ಟು ದಪ್ಪ. ಚೀಲದ ಮೇಲೆ ಬರೆದಿತ್ತು. ನಾನು ಓದಿದೆ ಕೂಡ. ಓದಿ — ಏನು ಮಾಡಿದೆ ಗೊತ್ತೇ? ಹಳೆಯ ಬಿಳಿ ಪಂಚೆಯ ಒಂದು ತುಂಡು ಹರಿದು, ಮನೆಯಲ್ಲಿ ಸೀಗೆಪುಡಿ ಸೋಸುವ ಹಾಗೆ ಪಾತ್ರೆಯ ಬಾಯಿಗೆ ಕಟ್ಟಿ, ಆ ಪುಡಿಯನ್ನು ಸೋಸಿದೆ. ಕೆಳಗೆ ಬಿದ್ದದ್ದನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದೆ. ಮೊದಲಿಗಿಂತ ನುಣ್ಣಗಿದೆ ಅನ್ನಿಸಿತು. ಅನ್ನಿಸಲೇಬೇಕಿತ್ತು, ಬೇರೆ ದಾರಿ ಇರಲಿಲ್ಲವಲ್ಲ. ಪಂಚೆಯ ನೂಲಿನ ಸಂದು ಆ ಕಾಳಿಗಿಂತ ಅಗಲ. ಬಟ್ಟೆ ಹಿಡಿದದ್ದು ತೇವಕ್ಕೆ ಕಟ್ಟಿದ್ದ ಗಂಟುಗಳನ್ನು ಮಾತ್ರ. ಕಾಳು ಅಷ್ಟೂ ಹಾಗೇ ಇಳಿದಿತ್ತು. ಇಪ್ಪತ್ತು ವರ್ಷ ಇದೇ ಪುಡಿಯೊಂದಿಗೆ ಕೆಲಸ ಮಾಡಿದವನಿಗೆ ಇದು ಗೊತ್ತಿರಲಿಲ್ಲ ಅಂತ ಹೇಳಿದರೆ ನೀನು ನಂಬಬೇಡ.

ಅವರ ಹಳೆಯ ಖಾಲಿ ಬಾಟಲಿಯೊಂದು ನನ್ನ ಬಳಿ ಇತ್ತು. ತುಂಬಿಸಿದೆ. ಮುಚ್ಚಳದ ಸುತ್ತ ಅಂಟುಪಟ್ಟಿ ಸುತ್ತಿದೆ. ಹರಿಹರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಎಷ್ಟೆಂದರೂ ಎರಡು ನಿಮಿಷ ಹೊಡೆಯುವ ಪುಡಿ, ಏನಾಗುತ್ತೆ ಮಹಾ, ಅಂತ ಸಮಾಧಾನ ಮಾಡಿಕೊಂಡೆ. ಬಾಟಲಿ ತೊಡೆಯ ಮೇಲಿತ್ತು.

ನೀನು ಆಗಲೇ ಬಂದು ಬೆಂಚಿನ ಮೇಲೆ ಕೂತಿದ್ದೆ. ನನ್ನನ್ನು ನೋಡಿ ನಕ್ಕೆ, ಬಾಯಿಗೆ ಅಂಗೈ ಅಡ್ಡ ಹಿಡಿದು. ನೀನು ಆಗ ನಗುತ್ತಿದ್ದುದೇ ಹಾಗೆ. ಸಾರಥಿ ಹಳ್ಳಿಯಲ್ಲಿ, ನಿಮ್ಮಮ್ಮನ ತವರಲ್ಲಿ, ನಿನ್ನ ನಾನಿಯ ಮನೆಯಲ್ಲಿ ಬೆಳೆದು, ಅಲ್ಲಿನ ಬೋರಿನ ನೀರು ಕುಡಿದು ಮುಂದಿನ ಹಲ್ಲುಗಳ ಮೇಲೆ ಕಂದು ಗೀರುಗಳು, ಆ ಗೀರುಗಳಲ್ಲೇ ಸಣ್ಣ ಸಣ್ಣ ಹುಳುಕು. ಮೆರವಣಿಗೆಯ ಮುಂದೆ ಕ್ಲಾರಿನೆಟ್ ಊದುವವನು ನೀನು, ಕ್ಯಾಮೆರಾದವರು ನಿನ್ನ ಮುಖಕ್ಕೇ ಬೆಳಕು ಹಿಡಿಯುವರು. "ಊದೋವಾಗ ಏನ್ ತೊಂದ್ರೆ ಇಲ್ಲಣ್ಣ, ಬಾಯಿ ಮುಚ್ಚಿರ್ತೈತೆ. ಊದೋದು ನಿಂತ ಮ್ಯಾಲೇ ಫಜೀತಿ" ಅಂದಿದ್ದೆ. ನಾನು ನಕ್ಕಿದ್ದೆ. ಬಾಟಲಿ ಒಳಗೆ ಕೊಟ್ಟು ಬಂದು ಅದೇ ಬೆಂಚಿನಲ್ಲಿ, ನೀನು ಎದ್ದುಹೋದ ಜಾಗದಲ್ಲಿ ಕೂತೆ.

ಈಗ ಹೇಳುವುದನ್ನು ನಿನ್ನೆ ಮೇಡಂಗೂ ಪೂರ್ತಿ ಹೇಳಲಾಗಲಿಲ್ಲ.

ಬಾಗಿಲ ಆಚೆಯಿಂದ ಯಂತ್ರದ ಸದ್ದು ಕೇಳುತ್ತಿತ್ತು, ಸಣ್ಣಗೆ ಸುಯ್ಯೆನ್ನುವುದು. ಸ್ವಲ್ಪ ಹೊತ್ತಿಗೆ ನಿಂತಿತು. ಮತ್ತೆ ಶುರುವಾಯಿತು, ಮತ್ತೆ ನಿಂತಿತು. ಮೂತಿ ಕಟ್ಟಿಕೊಂಡಿದೆ ಎಂದು ನನಗೆ ಕೂಡಲೇ ತಿಳಿಯಿತು — ಆ ಸಣ್ಣ ತೂತಿಗೆ ನನ್ನ ಪುಡಿ ದಪ್ಪವಾಗಿತ್ತು. ಮೇಡಂ ಏನೋ ಗೊಣಗಿದ್ದು ಕೇಳಿಸಿತು. ಆಮೇಲೆ ಸದ್ದು ಬಂದದ್ದು ಬೇರೆ ತರಹ. ಒತ್ತಡ ಏರಿಸಿದ್ದರು. ಆ ಸದ್ದನ್ನು ನಾನು ದಿನವೂ ನನ್ನ ಪೆಟ್ಟಿಗೆಯೊಳಗಿನಿಂದ ಕೇಳುವವನು, ಲೋಹದ ಮೇಲೆ ಹೊಡೆಯುವಾಗ. ಅದು ಒಂದು ಬಾಯೊಳಗಿಂದ ಬರಬಾರದ ಸದ್ದು. ಎದ್ದು ನಿಂತೆ ಇಮ್ತಿಯಾಜ್. ಬಾಗಿಲವರೆಗೆ ಹೋದೆ. ಹಿಡಿಕೆಯ ಮೇಲೆ ಕೈ ಇಟ್ಟೆ. ಒಳಗೆ ಹೋಗಿ ಏನು ಹೇಳುವುದು? ನಿಲ್ಲಿಸಿ ಮೇಡಂ, ಆ ಪುಡಿ — ಎಂದು ಶುರು ಮಾಡಿದರೆ ಮುಂದಿನ ಮಾತು ಆಡಲೇಬೇಕಾಗುತ್ತದೆ. ಅವರು ನನ್ನ ಮುಖ ನೋಡುತ್ತಾರೆ, ನೀನು ನೋಡುತ್ತೀಯ. ಹಿಡಿಕೆ ಬಿಟ್ಟು ಬೆಂಚಿಗೆ ಬಂದು ಕೂತೆ. ಹಳೆಯ ಪೇಪರೊಂದು ಬಿದ್ದಿತ್ತು, ಎತ್ತಿಕೊಂಡೆ.

ಪುಡಿ ಕೊಟ್ಟದ್ದಕ್ಕಿಂತ ಆ ಬೆಂಚಿಗೆ ವಾಪಸು ಬಂದು ಕೂತದ್ದೇ ನನ್ನ ದೊಡ್ಡ ತಪ್ಪು. ಪುಡಿ ಕೊಡುವಾಗ ಏನೂ ಆಗದಿರಬಹುದು ಎಂಬ ಆಸೆಯಾದರೂ ಇತ್ತು. ಕೂತಾಗ ಆಗುತ್ತಿದೆ ಎಂದು ಗೊತ್ತಿತ್ತು.

ನೀನು ಹೊರಗೆ ಬಂದೆ. ಕೈ ಅಡ್ಡ ಇರಲಿಲ್ಲ. ಹಲ್ಲು ಬೆಳ್ಳಗೆ, ಸುಣ್ಣ ಬಳಿದ ಗೋಡೆಯ ಬಿಳುಪು. "ಹೆಂಗೈತೆ ಹಾಲೇಶಣ್ಣ?" ಎಂದು ಕೇಳಿದೆ. ಹಲ್ಲಿನ ಕೆಲಸ ಮಾಡುವ ಯಾರಿಗಾದರೂ ಆ ಬಿಳುಪು ಎಂಥದ್ದೆಂದು ಗೊತ್ತಾಗಬೇಕು. ಒರಟಾಗಿ ತರಿಯಾದ ಎನಾಮಲ್ ಒಣಗಿದಾಗ ಹಾಗೆ ಬೆಳ್ಳಗೆ ಕಾಣುತ್ತದೆ. ಹೊಳಪು ಹೋದದ್ದರಿಂದ ಬಂದ ಬಿಳುಪು ಅದು. ಮೇಡಂ ಕೂಡ ಮೊದಲು ಅದನ್ನು ಕಲೆ ಹೋದದ್ದೆಂದೇ ತಿಳಿದರು. ಅವರ ಪುಡಿಯ ಅಳತೆಯಲ್ಲಿ ಅಷ್ಟು ಹೊತ್ತಿಗೆ ಹೋಗಬೇಕಾದ್ದು ಕಲೆ ಮಾತ್ರ. ಹುಳುಕಿದ್ದ ಕಡೆ ಹಲ್ಲಿನ ಬಣ್ಣದ ಫಿಲ್ಲಿಂಗ್ ತುಂಬಿ ಕಳಿಸಿದ್ದರು. ನಾನು ನಿನ್ನ ಭುಜ ತಟ್ಟಿ, "ಹೀರೋ ಆಗೀಯ ಬಿಡೋ" ಅಂದೆ.

ಮುಂದಿನದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ತಣ್ಣೀರು ತಾಗಿದರೆ ಜುಮ್ ಅನ್ನುವುದು, ಗಾಳಿ ತಾಗಿದರೂ ಜುಮ್ ಅನ್ನುವುದು. ತರಿಯಾದ ಹಲ್ಲಿಗೆ ಚಹಾದ ಬಣ್ಣ ಹತ್ತಿ, ಹೋದ ಕಲೆಗಿಂತ ಹೆಚ್ಚಿನ ಕಲೆ. ಅದನ್ನೂ ಸಹಿಸಬಹುದಿತ್ತೇನೋ. ಆದರೆ ಕ್ಲಾರಿನೆಟ್ಟಿನ ಮೂತಿಯನ್ನು ಮೇಲಿನ ಹಲ್ಲುಗಳ ಮೇಲೇ ಊರಬೇಕು — ಊದಿದಾಗ ಅದರ ನಡುಕ ನೇರ ಹಲ್ಲಿಗೆ ಇಳಿಯುತ್ತದಂತೆ. ನೀನೇ ಒಮ್ಮೆ ಹೇಳಿದ್ದೆ. ಮದುವೆಯ ಮೆರವಣಿಗೆಯೊಂದರಲ್ಲಿ, ಮದುಮಗನ ಕುದುರೆ ಹಿಂದೆ ನಿಂತಿರುವಾಗ, ಹಾಡಿನ ನಡುವೆ ನೀನು ಕ್ಲಾರಿನೆಟ್ ಕೆಳಗಿಳಿಸಿ ಬಾಯಿ ಹಿಡಿದುಕೊಂಡು ಕೂತುಬಿಟ್ಟೆಯಂತೆ. ಬ್ಯಾಂಡು ಒಂದಷ್ಟು ಹೊತ್ತು ಬರೀ ಡ್ರಮ್ಮಿನಲ್ಲಿ ಹೋಯಿತಂತೆ.

ನಿಮ್ಮಪ್ಪ ರಹಮತ್ ಸಾಹೇಬರು ಕ್ಲಿನಿಕ್ಕಿಗೆ ಬಂದ ದಿನ ನಾನು ಅಲ್ಲೇ ಇದ್ದೆ. ಜಗಳಕ್ಕೆ ಬಂದವರಲ್ಲ ಅವರು. ಹಾಗೆ ಬಂದಿದ್ದರೆ ಚೆನ್ನಾಗಿತ್ತು. ಟೋಪಿ ಕೈಯಲ್ಲಿ ಹಿಡಿದು ನಿಂತು ಮೆಲ್ಲಗೆ ಅಂದರು, "ಡಾಕ್ಟ್ರಮ್ಮ, ನಿಮ್ ಮ್ಯಾಲ ನಂಗೇನ್ ಸಿಟ್ಟಿಲ್ಲ. ನಿಮ್ ಕೈ ಒಂಚೂರು ಭಾರ ಆತು ಅಷ್ಟೇ. ನಮ್ ಹುಡುಗನ ನಸೀಬು." ಹೊರಗೆ ಕಾಯುತ್ತಿದ್ದವರೆಲ್ಲ ಕೇಳಿಸಿಕೊಂಡರು. ಹರಿಹರ ದೊಡ್ಡ ಊರೇನಲ್ಲ. ಕೈ ಭಾರದ ಡಾಕ್ಟರಮ್ಮ ಎಂಬ ಮಾತು ಬಸ್‌ಸ್ಟ್ಯಾಂಡಿನವರೆಗೆ ಹೋಗಲು ಹೆಚ್ಚು ದಿನ ಬೇಕಾಗಲಿಲ್ಲ.

ಅವರು ಹೋದ ಮೇಲೆ ಮೇಡಂ ಆ ಯಂತ್ರದ ಹತ್ತಿರ ಹೋದರು. ಆಮೇಲೆ ನನ್ನ ಕಡೆ ತಿರುಗಿ, "ಹಾಲೇಶಣ್ಣ, ಪುಡಿ ಅದೇ ತಾನೇ? ಯಾವಾಗ್ಲೂ ತರ್ಸೋದೇ ಅಲ್ವಾ?" ಎಂದು ಕೇಳಿದರು.

"ಅದೇ ಮೇಡಂ" ಅಂದೆ.

ಇನ್ನೊಂದು ಸಲ ಕೇಳಿದ್ದರೆ — ಇಲ್ಲ, ಈ ತರಹದ ಮಾತು ಬೇಡ. ನೂರು ಸಲ ಕೇಳಿದ್ದರೂ ಅದನ್ನೇ ಹೇಳುತ್ತಿದ್ದೆ. ಅವರು ಇನ್ನೊಂದು ಸಲ ಕೇಳಲಿಲ್ಲ, ಯಾಕೆಂದರೆ ನನ್ನನ್ನು ನಂಬಿದ್ದರು. ನನ್ನನ್ನು ನಂಬಿದ ಮೇಲೆ ಅವರಿಗೆ ಅನುಮಾನಪಡಲು ಉಳಿದದ್ದು ತಮ್ಮ ಕೈ ಒಂದೇ. ಆ ಬಾಟಲಿಯನ್ನು, ತೇವ ಹಿಡಿದಿರಬಹುದು ಬದಲಿಸಿ ತರುತ್ತೇನೆ ಎಂದು ವಾಪಸು ತಂದು, ಲ್ಯಾಬಿನ ಹಿಂದಿನ ಮೋರಿಗೆ ಸುರಿದು ನೀರು ಬಿಟ್ಟೆ.

ಅಲ್ಲಿಂದಾಚೆ ಒಂಬತ್ತು ವರ್ಷ. ಮೇಡಂ ಗಾಳಿಯ ಯಂತ್ರದ ಮೇಲೆ ಬಟ್ಟೆ ಮುಚ್ಚಿದರು, ಮತ್ತೆ ತೆಗೆಯಲಿಲ್ಲ. ಮುಂದಿನ ಹಲ್ಲಿನ ಕೆಲಸ ಯಾವುದೇ ಬಂದರೂ ದಾವಣಗೆರೆಗೆ ಚೀಟಿ ಬರೆದು ಕಳಿಸುತ್ತಾರೆ. ನೀನು ಕ್ಲಾರಿನೆಟ್ ಬಿಟ್ಟು ಹಿಂದಿನ ಸಾಲಿಗೆ ಹೋಗಿ ದೊಡ್ಡ ಡ್ರಮ್ ಕಟ್ಟಿಕೊಂಡೆ. ನಿಮ್ಮಪ್ಪನ ಬ್ಯಾಂಡಿನಲ್ಲಿ ಮುಂದೆ ನಿಂತು ಊದಲು ರಾಣೆಬೆನ್ನೂರಿನಿಂದ ಯಾರೋ ಬರುತ್ತಾರೆ. ನಾನು? ನನಗೇನೂ ಆಗಲಿಲ್ಲ. ಅದೇ ನನಗೆ ಭಯ ಹುಟ್ಟಿಸುತ್ತಾ ಬಂದದ್ದು. ಮೇಡಂ ಫೋನ್ ಬಂದಾಗೆಲ್ಲ ಇವತ್ತು ಗೊತ್ತಾಗಿರಬೇಕು ಅಂದುಕೊಂಡೇ ಎತ್ತುತ್ತಿದ್ದೆ. ನಿಮ್ಮ ಬ್ಯಾಂಡಿನ ಸದ್ದು ಬೀದಿಯ ತುದಿಯಲ್ಲಿ ಕೇಳಿದರೆ ಅಂಗಡಿಯೊಂದಕ್ಕೆ ನುಗ್ಗಿ ಬೇಡದ ಬೆಂಕಿಪೊಟ್ಟಣ ಕೊಂಡಿದ್ದೇನೆ. ನಗಬೇಕೆನಿಸಿದರೆ ನಗು, ನನಗೂ ಕೆಲವೊಮ್ಮೆ ನಗು ಬರುತ್ತದೆ.

ಗುರುವಾರ ದಾವಣಗೆರೆಯ ಒಬ್ಬ ಡಾಕ್ಟರಿಂದ ಒಂದು ಅಚ್ಚು ಬಂತು. ಮೇಲಿನ ನಾಲ್ಕು ಹಲ್ಲು, ಅರೆಯುವ ಮುಂಚಿನದು, ತಾತ್ಕಾಲಿಕ ಕ್ಯಾಪಿಗೆ. ಹೆಸರು ನೋಡದೆ ಪ್ಲಾಸ್ಟರ್ ಹುಯ್ದೆ. ಗಟ್ಟಿಯಾದ ಮೇಲೆ ಬಿಡಿಸಿ ಬೆಳಕಿಗೆ ಹಿಡಿದೆ. ನಡುವಿನ ಎರಡು ಹಲ್ಲುಗಳ ತುದಿಯಲ್ಲಿ ಸವೆತ. ವರ್ಷಗಟ್ಟಲೆ ಕ್ಲಾರಿನೆಟ್ಟಿನ ಮೂತಿ ಊರಿದವರಿಗೆ ಆಗುವಂಥದ್ದು, ಈ ಭಾಗದಲ್ಲಿ ಅಂಥವರು ಎಷ್ಟು ಜನ ಇದ್ದಾರು? ಡಬ್ಬಿಯ ಮೇಲಿನ ಚೀಟಿ ತಿರುಗಿಸಿ ನೋಡಿದೆ, ನಿನ್ನ ಹೆಸರು. ಭೂತಗನ್ನಡಿ ಹಿಡಿದೆ. ಹಲ್ಲುಗಳ ಮುಂಭಾಗ ಪೂರ್ತಿ ತರಿ, ಅಲ್ಲಲ್ಲಿ ತಗ್ಗು, ಹಲ್ಲಿನ ಉಬ್ಬು ಸವೆದು ಸಪಾಟಾಗಿದೆ. ಹಿಂಭಾಗ ನುಣ್ಣಗೆ, ಪಕ್ಕಗಳೂ ನುಣ್ಣಗೆ. ನಾನು ಮಾಡಿದ್ದನ್ನು ಅವತ್ತಿನವರೆಗೆ ನಾನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಈಗ ಅದು ನನ್ನ ಅಂಗೈ ಮೇಲಿತ್ತು, ನಾನೇ ಹುಯ್ದ ಪ್ಲಾಸ್ಟರಿನಲ್ಲಿ.

ಆ ಡಾಕ್ಟರಿಗೆ ಫೋನ್ ಮಾಡಿದೆ. ಬಣ್ಣ ಕೇಳುವ ನೆಪ. ಮಾತಿನ ನಡುವೆ ಅವರೇ ಹೇಳಿದರು: "ಹುಟ್ಟಿನಿಂದಲೇ ಎನಾಮಲ್ ವೀಕ್ ಇರಂಗೆ ಕಾಣುತ್ತೆ. ಫಿಲ್ಲಿಂಗ್ ಎಷ್ಟ್ ಸಲ ಹಾಕಿದ್ರೂ ಬಿದ್ದೋಗಿದಾವೆ. ಪುಡಿ ಯಂತ್ರಕ್ಕೆ ಇಷ್ಟೆಲ್ಲ ಹೋಗೋ ಚಾನ್ಸೇ ಇಲ್ಲ. ಅದ್ಕೇ ಸುತ್ತಲೂ ಅರೆದು ಫುಲ್ ಕ್ಯಾಪ್ ಹಾಕಿಬಿಡೋಣ ಅಂತ."

ಅವರ ಲೆಕ್ಕ ತಪ್ಪಲ್ಲ. ಹಲ್ಲೇ ಮೂಲದಲ್ಲಿ ದುರ್ಬಲವಾಗಿದ್ದರೆ ಅದರ ಮೇಲೆ ಅಂಟಿಸಿದ್ದು ನಿಲ್ಲುವುದಿಲ್ಲ, ಸುತ್ತಲೂ ಅರೆದು ಪೂರ್ತಿ ಮುಚ್ಚುವುದೇ ದಾರಿ. ಆದರೆ ನಿನ್ನ ಹಲ್ಲು ದುರ್ಬಲವಲ್ಲ. ಮುಂದಿನ ಒಂದು ಮೈಯನ್ನು ಮಾತ್ರ ದಪ್ಪ ಪುಡಿ ತಿಂದುಹಾಕಿದೆ, ಉಳಿದ ಮೈ ಗಟ್ಟಿಯಾಗಿದೆ. ಹಾಗಿದ್ದರೆ ಕೆಟ್ಟ ಮೇಲ್ಮೈಯನ್ನು ತೆಳುವಾಗಿ ಸರಿಮಾಡಿ, ಮುಂದುಗಡೆಗೆ ಮಾತ್ರ ಒಂದು ತೆಳ್ಳನೆಯ ಹೊದಿಕೆ ಅಂಟಿಸಿ ಹಲ್ಲನ್ನು ಉಳಿಸಿಕೊಳ್ಳಬಹುದು. ಇದನ್ನು ತೀರ್ಮಾನಿಸಬೇಕಾದವರು ಡಾಕ್ಟರು, ನಾನಲ್ಲ. ಆದರೆ ಅವರು ತೀರ್ಮಾನಿಸಬೇಕಾದರೆ ಆ ಪುಡಿಯ ವಿಷಯ ಅವರಿಗೆ ಗೊತ್ತಿರಬೇಕು. ಫೋನಿನಲ್ಲಿ ಹೇಳಬಹುದಿತ್ತು. ಬಣ್ಣ ಕೇಳಿಕೊಂಡು ಫೋನ್ ಇಟ್ಟೆ.

ಶುಕ್ರವಾರ ನಿಮ್ಮ ಮನೆಗೆ ಬಂದದ್ದು ಅದಕ್ಕೇ. ಸುಮ್ಮನೆ ಈ ಕಡೆ ಬಂದಿದ್ದೆ ಅಂದೆನಲ್ಲ, ಅದು ಸುಳ್ಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ನೀನು ಮಂಡಕ್ಕಿ ತರಿಸಿದೆ, ಚಹಾ ತರಿಸಿದೆ. ನನ್ನ ಚಹಾ ಹೊಗೆಯಾಡುತ್ತಿತ್ತು. ನಿನ್ನದನ್ನು ನೀನು ಬಸಿಗೆ ಹುಯ್ದು, ಆರಿಸಿ ಆರಿಸಿ, ಬಾಯಿಯ ಒಂದು ಮೂಲೆಯಿಂದ ಮುಂದಿನ ಹಲ್ಲಿಗೆ ತಾಗದ ಹಾಗೆ ಕುಡಿದೆ. ಅದು ನಿನಗೆ ಅಭ್ಯಾಸವಾಗಿಹೋಗಿದೆ, ನೀನು ಮಾಡುತ್ತಿರುವುದು ನಿನಗೇ ಗೊತ್ತಿಲ್ಲ. ಇನ್ನೇನು ಬಾಯಿ ತೆರೆಯಬೇಕು, ನೀನು ಒಳಗಿಂದ ಕ್ಲಾರಿನೆಟ್ ತಂದೆ. ಕೀಲಿಗಳಿಗೆ ಎಣ್ಣೆ ಹಾಕಿಸಿದ್ದೆ.

"ಕ್ಯಾಪ್ ಕೂತ ಮ್ಯಾಲ ಊದಿ ನೋಡ್ತೀನಣ್ಣ. ಬೆರಳು ಮರೆತಿಲ್ಲ" ಅಂದೆ ನೀನು. ಆಮೇಲೆ ದನಿ ಇಳಿಸಿ, "ಒಂದ್ ಮಾತು. ಬ್ಯಾರೆ ಲ್ಯಾಬಿಗೆ ಕೊಡಬ್ಯಾಡ್ರಿ ಅಂತ ಡಾಕ್ಟ್ರಿಗೆ ನಾನೇ ಹೇಳೀನಿ. ನೀವೇ ಮಾಡ್ಬೇಕು. ನಿಮ್ ಕೈ ಮ್ಯಾಲ ನಂಗೆ ನಂಬಿಕಿ ಐತೆ."

"ಆಗ್ಲಿ" ಅಂದೆ ನಾನು. ಅಷ್ಟೇ ಅಂದೆ. ಮಂಡಕ್ಕಿ ತಿಂದು ಮುಗಿಸಿ ಎದ್ದು ಬಂದೆ.

ನಿನ್ನೆ ಮಧ್ಯಾಹ್ನ ಶೈಲಜಾ ಮೇಡಂ ಹತ್ತಿರ ಹೋದೆ. ರೋಗಿಗಳೆಲ್ಲ ಹೋದ ಮೇಲೆ, ಕೂಡ್ರಿ ಹಾಲೇಶಣ್ಣ ಅಂದರೂ ಕೂರದೆ, ನಿಂತೇ ಹೇಳಿದೆ. ಮರೆತದ್ದು, ಸೋಸಿದ್ದು, ಬಾಟಲಿ, ಮೋರಿ. ಬಾಗಿಲ ಹಿಡಿಕೆಯ ವಿಷಯ ಮಾತ್ರ ಹೇಳಲಿಲ್ಲ. ಬಯ್ಯುತ್ತಾರೆ, ಹೊರಗೆ ನಡೀರಿ ಅನ್ನುತ್ತಾರೆ ಎಂದು ಕಾದೆ. ಅವರು ತಮ್ಮ ಬಲಗೈಯನ್ನು ಮೇಜಿನ ಮೇಲಿಟ್ಟು ಅದನ್ನೇ ನೋಡುತ್ತಾ ಕೂತರು.

"ನನ್ ಮಗಳ ಹಲ್ಲಿಗೂ ನಾನು ಕೈ ಹಚ್ಚಿಲ್ಲ ಹಾಲೇಶಣ್ಣ" ಅಂದರು. "ಹಾಲುಹಲ್ಲು ಅಲ್ಲಾಡಿದ್ರೂ ದಾವಣಗೆರಿಗೆ ಕರ್ಕೊಂಡು ಹೋಗ್ತಿದ್ದೆ. ಅಮ್ಮ, ನೀನೇ ಡಾಕ್ಟ್ರಲ್ಲೇನು, ನೀನ್ಯಾಕ ಮಾಡಲ್ಲ ಅಂತಿತ್ತು ಅದು. ಏನ್ ಹೇಳ್ಬೇಕಿತ್ತು ನಾನು?"

ದಾವಣಗೆರೆಯ ಡಾಕ್ಟರಿಗೆ ನೀವೊಂದು ಫೋನ್ ಮಾಡಿ ಮೇಡಂ, ಸೋಮವಾರ ಅರೆಯುವುದನ್ನು ನಿಲ್ಲಿಸಲಿ ಎಂದೆ. ಅಲ್ಲೂ ನನ್ನ ಕೆಲಸವನ್ನು ಅವರ ಮೇಲೆ ಹೊರಿಸಲು ನೋಡಿದೆ, ನೋಡು. ಆಗ ಅವರಿಗೆ ಸಿಟ್ಟು ಬಂತು.

"ನಾನು ಏನಂತ ಹೇಳ್ಲಿ? ಒಂಬತ್ತು ವರ್ಷ ಆದ್ಮ್ಯಾಲ, ತಪ್ಪು ನನ್ ಕೈದಲ್ಲ, ಪುಡೀದು ಅಂತ ನಾನೇ ಹೇಳಿದ್ರೆ ಯಾರು ನಂಬ್ತಾರೆ? ಆ ಹುಡುಗನಾದ್ರೂ ನಂಬ್ತಾನಾ? ನೀವ್ ಹೇಳ್ಬೇಕು. ನಂಗೆ ಹೇಳಿದ್ದು ಸಾಕಾಗಲ್ಲ. ಮೊದ್ಲು ಅವ್ನಿಗೆ, ಆಮ್ಯಾಲ ಡಾಕ್ಟ್ರಿಗೆ. ಹೋಗ್ರಿ."

ಬಾಗಿಲವರೆಗೆ ಬಂದವನನ್ನು ಅವರು ಮತ್ತೆ ಕರೆಯಲಿಲ್ಲ. ಇಷ್ಟು ವರ್ಷದಲ್ಲಿ ಚಹಾ ಕುಡಿಸದೆ ಅವರು ನನ್ನ ಕಳಿಸಿದ್ದು ಅದೇ ಮೊದಲು.

ಇದಿಷ್ಟು. ಬರೆದದ್ದನ್ನು ಮತ್ತೆ ಓದಿದೆ. ಅಲ್ಲಲ್ಲಿ ನನ್ನನ್ನು ನಾನು ಒಳ್ಳೆಯವನ ಹಾಗೆ ಕಾಣಿಸಿಕೊಳ್ಳಲು ನೋಡಿದ್ದೇನೆ ಅನ್ನಿಸಿತು — ಎದ್ದು ನಿಂತೆ, ಬಾಗಿಲವರೆಗೆ ಹೋದೆ ಎಂದೆಲ್ಲ. ಹೋಗಿ ಏನು ಬಂತು? ನಿನ್ನ ಹಲ್ಲಿಗೆ ಅದರಿಂದ ಯಾವ ಪ್ರಯೋಜನವೂ ಆಗಲಿಲ್ಲ. ಕ್ಷಮಿಸು ಎಂದು ಕೇಳಲು ಬಾಯಿ ಬರುತ್ತಿಲ್ಲ. ಆ ಮಾತು ಕೇಳಿದರೆ ನೀನು ದೊಡ್ಡ ಮನಸ್ಸಿನವನು, ಹೋಗಲಿ ಬಿಡಣ್ಣ ಅಂದುಬಿಡುತ್ತೀಯ. ಹಾಗೆ ಸಲೀಸಾಗಿ ಮುಗಿಯಬಾರದು ಇದು.

ನೀನು ಮಾಡಬೇಕಾದದ್ದು ಒಂದೇ. ನಾಳೆ ಆ ಡಾಕ್ಟರು ಡ್ರಿಲ್ ಎತ್ತುವ ಮುಂಚೆ, ನಿಲ್ಲಿ ಅನ್ನು. ನಾನು ಅಲ್ಲಿರುತ್ತೇನೆ. ಯಾವ ಪುಡಿ, ಕಾಳು ಎಷ್ಟು ದಪ್ಪ, ಒತ್ತಡ ಹೇಗೆ ಏರಿತು, ಎಲ್ಲವನ್ನೂ ಅವರಿಗೆ ನಿನ್ನ ಎದುರಿಗೇ ಹೇಳುತ್ತೇನೆ. ಆಮೇಲೆ ನಿನ್ನ ಕೆಲಸವನ್ನು ಯಾವ ಲ್ಯಾಬಿಗೆ ಕೊಡಬೇಕೋ ಕೊಡು, ನನಗೆ ಕೊಡಬೇಡ. ಅಲ್ಲಿಂದ ನಿಮ್ಮಪ್ಪನ ಹತ್ತಿರ ಹೋಗಬೇಕು. ಅವರು ಎಷ್ಟು ಜನರ ಮುಂದೆ ಮೇಡಂ ಕೈ ಭಾರ ಅಂದರೋ ಅಷ್ಟೇ ಜನರ ಮುಂದೆ ಅದು ಸುಳ್ಳೆಂದು ಹೇಳಬೇಕಾದವನು ನಾನು. ಹರಿಹರದಲ್ಲಿ, ದಾವಣಗೆರೆಯಲ್ಲಿ ಇನ್ನು ಮುಂದೆ ಯಾವ ಡಾಕ್ಟರು ನನಗೆ ಅಚ್ಚು ಕಳಿಸುತ್ತಾರೋ, ಯಾರು ಕಳಿಸುವುದಿಲ್ಲವೋ, ಗೊತ್ತಿಲ್ಲ. ಆಗಲಿ.

ಸಂಜೆಯ ಬಸ್ಸಿಗೆ ಹೊರಟಿದ್ದೇನೆ. ಮಾತು ಶುರು ಮಾಡಿದರೆ ಮತ್ತೆ ಎಲ್ಲಿ ಚಹಾ ಕುಡಿದು ಬಂದುಬಿಡುತ್ತೇನೋ ಎಂಬ ಭಯಕ್ಕೆ ಇದನ್ನೆಲ್ಲ ಬರೆದಿಟ್ಟುಕೊಂಡಿದ್ದೇನೆ. ನಿನ್ನ ಕೈಗೆ ಕೊಡುತ್ತೇನೆ. ಕೊಟ್ಟು ಹೋಗುವುದಿಲ್ಲ ಇಮ್ತಿಯಾಜ್. ನೀನು ಕೊನೆಯ ಸಾಲಿನವರೆಗೆ ಓದಿ ತಲೆ ಎತ್ತುವವರೆಗೂ ನಿನ್ನ ಎದುರಿಗೇ ಕೂತಿರುತ್ತೇನೆ.